ಬಿಲ್ಲಿ ಇದ್ದ ಎತ್ತು

ಬೀಗಗ ಮಸ್ಕಿರಿ ಮಾಡೂದ್ರಾಗ ಕಮಲಾಪುರದಾಗ ನನ್ನ ಬಿಟ್ರ ಇನ್ನೊಬ್ಬ ಇಲ್ಲ. ನನ್ನ ಸೊಸಿ ಅಪ್ಪ ಎರಡು ಓಣಿ ಆಚಿಗೇ ಇರ್ತಾನ. ಮದಿವ್ಯಾಗ ಅವಗ ಹತ್ತಿ ತುಂಬಿದ ಹೋಳಿಗಿ ಉಣಿಸಿದಾಂವ ನಾನೇ.

ಒಂದಿನ ದನದ ದವಾಖಾನಿಯವರು ಎತ್ತಿನ ಕಿವಿಗಿ ಹಳದಿ ಬಿಲ್ಲಿ ಹೊಡ್ಯಾಕ ಬಂದ್ರು. ಬಿಲ್ಲಿ ಮ್ಯಾಲ ನಂಬರ್ ಇರ್ತದ, ಅಷ್ಟೇ. ನಾ ಸುಮ್ಮನಿರ್ತೀನೇನು?

"ಬಿಲ್ಲಿ ಬಿತ್ತಂದ್ರ ಎತ್ತು ಸರ್ಕಾರದ್ದಾತು ನೋಡ್ರಿ ಬೀಗ್ರ. ಹೂಡಬೇಕಂದ್ರೂ ಅರ್ಜಿ ಕೊಡಬೇಕು" ಅಂದೆ.

ಅವ ಎರಡೂ ಎತ್ತು ಹೊಡ್ಕೊಂಡು ಹೋಗಿ ಕೆಂಪ ಬಾಳಿ ತೋಟದಾಗ ಸಂಜಿತನಕ ಮುಚ್ಚಿಟ್ಟ. ಚಹಾದ ಹೋಟೆಲ್‌ದಾಗ ಎಂಟು ದಿನ ಮಂದೀನ ನಗಿಸಿದೆ. ಬೀಗಗ ಖರೇ ಹೇಳೂದು ಮಾತ್ರ ಉಳೀತು.

ಮುಂದ ಚರ್ಮಗಂಟಿನ ಬ್ಯಾನಿ ಬಂತು. ದನದ ಮೈತುಂಬ ಗಂಟು, ಜ್ವರ. ಒಂದರಿಂದ ಒಂದಕ್ಕ ಹತ್ತಬಾರದಂತ ಸರ್ಕಾರ ದನದ ಸಂತಿ ಬಂದ್ ಮಾಡ್ತು. ಮಾರಾಕೂ ಇಲ್ಲ, ಕೊಳ್ಳಾಕೂ ಇಲ್ಲ. ದನ ಸತ್ತವ್ರಿಗಿ ಪರಿಹಾರ ಅದ ಅಂತ ಆಟೋಕ್ಕ ಮೈಕ್ ಕಟ್ಟಿ ಸಾರಿದ್ರು.

ಬೀಗನ ಒಂದೆತ್ತು ನಾಕ ದಿನದಾಗ ಹೋತು. ಬಿಳಿಜ್ವಾಳ ಬಿತ್ತೂ ಹೊತ್ತು ಬಂದಿತ್ತು, ಒಂದೆತ್ತಿನ ಮ್ಯಾಲ ಕೂರಿಗಿ ನಡ್ಯಾಂಗಿಲ್ಲ.

ಕಲಬುರಗಿ ಆಪೀಸಿಗಿ ನಾನೇ ಕರ್ಕೊಂಡು ಹೋದೆ. ಅಲ್ಲಿ ಎಲ್ಲಾರೂ ನನ್ನ ಗುರ್ತಿನವ್ರು ಅಂತ ಬಸ್ಸಿನಾಗ ಹೇಳ್ಕೋತ ಹೋದೆ. ಜವಾನ ಸುದ್ದಾ ಗುರ್ತ ಹಿಡೀಲಿಲ್ಲ. ಸಾಹೇಬ್ರು ಬಿಲ್ಲಿ ನಂಬರ್ ಕೇಳಿದ್ರು, ಇಲ್ಲಂದ್ರ ಪರಿಹಾರ ಬರಂಗಿಲ್ಲ ಅಂದ್ರು. ಯಾಕ ಹಾಕ್ಸಿಲ್ಲ ಅಂತ ಬೀಗಗ ಕೇಳಿದ್ರು. ಅವ ಮ್ಯಾಲ ಫ್ಯಾನ್ ನೋಡಿದ, ನನ್ನ ಕಡಿ ನೋಡಲಿಲ್ಲ.

"ನಂದೇ ತಪ್ಪದರೀ ಸಾಹೇಬ್ರ. ಆ ದಿನ ನಾ ಊರಾಗಿರಲಿಲ್ಲ" ಅಂದ ಬೀಗ.

ಹೊಳ್ಳಿ ಬಂದು ಕಮಲಾಪುರ ಬಸ್‌ಸ್ಟ್ಯಾಂಡಿನಾಗ ಇಳಿದ್ವಿ. ಬಿಲ್ಲಿ ಮಾತು ಸುಳ್ಳಿತ್ತು ಅಂತ ಅಲ್ಲೇ ಅವಗ ಹೇಳ್ದೆ.

"ಗೊತ್ತದ. ಎತ್ತು ಸತ್ತ ಮ್ಯಾಲ ಹೋಟೆಲ್‌ದವ ಹೇಳಿದ" ಅಂದ. "ಮಗಳು ನಿಮ್ಮ ಮನ್ಯಾಗ ಅದಾಳ. ಮಂದಿ ಮುಂದ ನಿಮ್ಮ ಹೆಸರು ಹ್ಯಾಂಗ ತಗೀಲಿ?"

ಮರುದಿನ ನನ್ನ ಎತ್ತಿನಾಗ ಛಲೋದು ಒಂದು ಒಯ್ದು ಅವನ ಬಾಗಲಾಗ ಕಟ್ಟಿದೆ. ಸಂತಿ ಚಾಲೂ ಆಗೂತನ ಹೂಡ್ರಿ ಅಂದೆ. ಬಿತ್ತಿಗಿ ಆತು, ರಾಶಿ ಆತು. ಬ್ಯಾನಿ ಕಡಿಮ್ಯಾಗಿ ಸಂತಿನೂ ಚಾಲೂ ಆತು. ಬೀಗ ಎತ್ತಿನ ಸುದ್ದೀನೇ ತಗೀಲಿಲ್ಲ. ಕಡೀಕ ನಾನೇ ಹೋಗಿ ಕೇಳ್ದೆ.

ಅವ ನನ್ನ ಎತ್ತಿನ ಕಿವಿ ಹಿಡ್ದು ಹಳದಿ ಬಿಲ್ಲಿ ನನ್ನ ಕಡಿ ತಿರುವಿದ.

"ಇದು ಸರ್ಕಾರದ್ದಲ್ಲೇನ್ರಿ ಬೀಗ್ರ? ನೀವು ಅರ್ಜಿ ಕೊಡ್ರಿ, ನೋಡೂನು."

ಎತ್ತು ಇನ್ನೂ ಅಲ್ಲೇ ಅದ.