ಪ್ಲೇಗಿನ ವರ್ಷ ಊರಲ್ಲಿ ಉಳಿದವರು

ಕಳೆದ ವಾರ ಎದುರು ಮನೆಯವರು ಗಾದಿ ಮಾಡಿಸಿದರು. ಹಳೆಯ ಅರಳೆ ಬಿಚ್ಚಿ ಹಿಂಜುತ್ತಿದ್ದಂತೆ ಅದರ ಒಣ ಧೂಳಿನ ವಾಸನೆ ನಮ್ಮ ಪಡಸಾಲೆಯವರೆಗೂ ಬಂತು. ಸೊಸೆ ಕಿಟಕಿ ಮುಚ್ಚಿದಳು. ನಾನು ಮಾತ್ರ ಕೂತಲ್ಲಿ ಕೂರಲಾರದೆ ಎದ್ದು ಓಡಾಡತೊಡಗಿದೆ. ವಿಜಯಪುರಕ್ಕೆ ಬಂದು ಇಷ್ಟು ವರ್ಷವಾದರೂ ಆ ವಾಸನೆ ನನ್ನನ್ನು ಟಿಕೋಟಾದ ಕನ್ನಡ ಶಾಲೆಗೆ, ನಾಲ್ಕನೆಯ ಇಯತ್ತೆಗೆ, ನಮ್ಮ ಮಾಸ್ತರರ ಎದುರಿಗೆ ಒಯ್ದು ನಿಲ್ಲಿಸುತ್ತದೆ.

ಮಾಸ್ತರರು ಬಬಲೇಶ್ವರದ ಕಡೆಯವರು. ಅವರ ಕೋಟಿನ ಬಲಗಿಸೆ ಯಾವಾಗಲೂ ಸುಣ್ಣದ ಕಡ್ಡಿಯಿಂದ ಬೆಳ್ಳಗಾಗಿರುತ್ತಿತ್ತು. ಪಾಠ ಹೇಳುವಾಗ ಒಂದು ಕಡೆ ನಿಂತವರಲ್ಲ. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಲೇ ಇರುತ್ತಿದ್ದರು.

ಅದು ಸ್ವಾತಂತ್ರ್ಯ ಬಂದ ಮರುವರ್ಷ. ಗಡಿಯಾಚೆ ನಿಜಾಮರ ಸೀಮೆಯಲ್ಲಿ ಗಲಾಟೆ ನಡೆದಿತ್ತು. ಅಲ್ಲಿಂದ ಬಂದ ಸುದ್ದಿ ನಮ್ಮೂರು ಮುಟ್ಟುವಷ್ಟರಲ್ಲಿ ಎರಡು ಪಟ್ಟು ಬೆಳೆದಿರುತ್ತಿತ್ತು. ನಮ್ಮ ವರ್ಗದಲ್ಲಿ ಪಿಂಜಾರರ ಹುಡುಗಿಯೊಬ್ಬಳಿದ್ದಳು. ಹತ್ತಿ ಹಿಂಜಿ ಗಾದಿ ಹೊಲಿಯುವ ಮುಸಲ್ಮಾನರು ಅವರು, ಊರಲ್ಲಿ ನಾಲ್ಕೇ ಮನೆ. ಮನೆಯೊಳಗೂ ನಮ್ಮ ಹಾಗೇ ಕನ್ನಡ. ಆದರೂ ಅವಳ ಪಕ್ಕದಿಂದ ಒಬ್ಬೊಬ್ಬರೇ ಸರಿದೆವು. ನಾನೂ ಸರಿದೆ. ಒಂದು ದಿನ ನೋಡಿದರೆ ಇಡೀ ಚಾಪೆಯ ಮೇಲೆ ಅವಳೊಬ್ಬಳೇ...

ಮಾಸ್ತರರು ಬೈಯಲಿಲ್ಲ. ಮರುದಿನ ಇತಿಹಾಸದ ಪುಸ್ತಕ ಮುಚ್ಚಿಸಿದರು.

"ಇದರಾಗ ರಾಜರ ಸುದ್ದಿ ಐತಿ, ನಮ್ಮೂರ ಮಂದಿ ಸುದ್ದಿ ಇಲ್ಲ. ನಿಮ್ಮ ಓಣಿ ಅಲ್ಲದ ಓಣಿಗೆ ಹೋಗ್ರಿ. ಹಿರ್ಯಾರನ್ನ ಕೇಳ್ರಿ. ಅವರು ಹೇಳಿದ್ದನ್ನ ಹಂಗ ಬರಕೊಂಡು ಬರ್ರಿ" ಎಂದರು.

ನನ್ನ ಪಾಲಿಗೆ ಬಂದದ್ದು ಆ ಹುಡುಗಿಯ ಮನೆಯೇ. ಅವಳ ಅಜ್ಜಿ ಅರಳೆಯ ರಾಶಿಯ ನಡುವೆ ಕೂತಿದ್ದಳು, ರೆಪ್ಪೆಯ ಮೇಲೂ ಅರಳೆ. ನಾನು ಯಾರ ಮಗಳೆಂದು ಕೇಳಿ ತಿಳಿದುಕೊಂಡಳು. ಆಮೇಲೆ ಪ್ಲೇಗಿನ ವರ್ಷದ ಮಾತು ತೆಗೆದಳು. ಆಗ ಅವಳಿನ್ನೂ ಹುಡುಗಿ. ಇಲಿ ಬಿದ್ದವೆಂದು ಊರೆಲ್ಲ ಖಾಲಿಯಾಗಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ಹೊಲವಿಲ್ಲದ ಪಿಂಜಾರರು ಊರಲ್ಲೇ ಉಳಿದಿದ್ದರು.

"ನಿಮ್ಮಪ್ಪನ ಅಜ್ಜಿಗೆ ಗಂಟ ಎದ್ದಿತ್ತವ್ವಾ. ಮಕ್ಕಳು ಬಾಗಲಾ ಮುಚ್ಚಿ ಹೊಲಕ್ಕ ಹ್ವಾದ್ರು. ನಮ್ಮವ್ವ ಕಿಟಕ್ಯಾಗಿಂದ ಗಂಜಿ ಕೊಡ್ತಿದ್ಲು. ಮೂರನೇ ದಿನಕ್ಕ ತೀರಿಕೊಂಡ್ಲು. ನಮ್ಮಪ್ಪ, ನಮ್ಮ ಕಾಕಾ ಹೊತಗೊಂಡು ಹೋಗಿ, ನಿಮ್ಮ ಹೊಲದಾಗ, ನಿಮ್ಮ ಪದ್ಧತಿಯಂಗ ಕುಂಡ್ರಿಸಿ ಮಣ್ಣ ಮಾಡಿದ್ರು. ಹಣಿಗೆ ಇಭೂತಿ ಹಚ್ಚೂದೂ ಮರೀಲಿಲ್ಲ. ಎಂಟು ದಿನಕ್ಕ ನಮ್ಮ ಕಾಕಾಗೂ ಗಂಟ ಎದ್ದಿತ್ತು."

ಕಾಕಾ ಏನಾದ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಅಪ್ಪನ ಆ ಅಜ್ಜಿ ಮಕ್ಕಳ ತೊಡೆಯ ಮೇಲೆ ಪ್ರಾಣ ಬಿಟ್ಟಳೆಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ನಾನು ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದು ವರ್ಗದಲ್ಲಿ ಓದಿದೆ. ಓದಿ ಮುಗಿಸಿ ನಾನು ನನ್ನ ಜಾಗಕ್ಕೆ ಹೋಗದೆ ಪಿಂಜಾರರ ಹುಡುಗಿಯ ಚಾಪೆಗೆ ಹೋಗಿ ಕೂತೆ.

ಸಂಜೆಗೆ ಸುದ್ದಿ ಅಪ್ಪನನ್ನು ಮುಟ್ಟಿತ್ತು. ಅಪ್ಪ ಊರ ಹಿರಿಯರಲ್ಲೊಬ್ಬ. "ಇಂಥಾ ಹೊತ್ತಿನಾಗ ಮನಿ ಮರ್ಯಾದಿ ಸಾಲ್ಯಾಗ ಕಳಿಯೂದು ಕಲಿಸ್ಯಾನ ಆ ಮಾಸ್ತರ" ಎಂದು ಕೂಗಾಡಿದ. ನಾನು ಅಡುಗೆ ಮನೆಗೆ ಹೋಗಿ ಆಯಿಯನ್ನು, ಅಪ್ಪನ ತಾಯಿಯನ್ನು, ಕೇಳಿದೆ. ರೊಟ್ಟಿ ಬಡಿಯುತ್ತಿದ್ದ ಆಯಿಯ ಕೈ ನಿಂತಿತು.

"ಖರೇ ಐತಿ. ನಿಮ್ಮಪ್ಪ ಆಗ ನನ್ನ ಬಗಲಾಗ ಇದ್ದ. ನಮ್ಮತ್ತಿ ಒಳಗಿಂದ ಕರೀತಿದ್ಲು. ನೀ ಇನ್ನ ಈ ಮಾತು ತಗೀಬ್ಯಾಡ" ಎಂದಳು.

ಊರವರು ಮೇಲಿನವರಿಗೆ ಅರ್ಜಿ ಬರೆದರು, ಮಾಸ್ತರರು ಸುಳ್ಳು ಕಥೆ ಬರೆಸಿ ಮಕ್ಕಳನ್ನು ಕೆಡಿಸುತ್ತಿದ್ದಾರೆಂದು. ಕೆಲವು ದಿನಕ್ಕೆ ತಪಾಸಣೆಯ ಸಾಹೇಬರು ಬಂದರು. ಅಂದು ಮುಂಜಾನೆ ಅಪ್ಪ ನನ್ನ ಭುಜ ಹಿಡಿದು, ಸಾಹೇಬರಿಗೆ ಏನು ಹೇಳಬೇಕೆಂದು ಮೂರು ಸಲ ಹೇಳಿಸಿ ಕಳಿಸಿದ್ದ.

ಸಾಹೇಬರು ನನ್ನ ವಹಿ ಕೈಯಲ್ಲಿ ಹಿಡಿದು ಕೇಳಿದರು. "ಇದನ್ನು ಆ ಮುದುಕಿ ಹೇಳಿದಳೋ, ನಿಮ್ಮ ಮಾಸ್ತರರು ಬರೆಸಿದರೋ?"

ಮಾಸ್ತರರು ಅಂದು ಒಂದೇ ಕಡೆ ನಿಂತಿದ್ದರು. ಪಕ್ಕದಲ್ಲಿದ್ದ ಪಿಂಜಾರರ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಮಾಸ್ತರ್ ಬರಿಸಿದ್ರು ರೀ" ಎಂದೆ.

"ಕುಂಡ್ರವ್ವಾ" ಎಂದರು ಮಾಸ್ತರರು. ಅಷ್ಟೇ.

ಅವರನ್ನು ಕನಮಡಿಗೆ ವರ್ಗ ಮಾಡಿದರು. ಟ್ರಂಕು ಹೇರಿದ ಚಕ್ಕಡಿ ಶಾಲೆಯ ಮುಂದೆ ಹಾದುಹೋದಾಗ ನಾನು ಗೋಡೆಯ ಮರೆಯಲ್ಲಿದ್ದೆ. ಪಿಂಜಾರರ ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ. ಅವಳ ಮನೆಯ ಮುಂದೆ ಹಾಯುವುದನ್ನು ನಾನೂ ಬಿಟ್ಟೆ...

ಮುಂದೆ ನಾನೂ ವಿಜಯಪುರದಲ್ಲಿ ಶಿಕ್ಷಕಿಯಾದೆ. ಇತಿಹಾಸದ ತಾಸು ಬಂದಾಗಲೆಲ್ಲ ನಾಲಿಗೆ ತೊಡರುತ್ತಿತ್ತು. ಇಪ್ಪತ್ತು ವರ್ಷದ ಮೇಲೆ, ತಡೆಯಲಾಗದೆ ಒಂದು ದಿನ ಕನಮಡಿಯ ಬಸ್ಸು ಹತ್ತಿದೆ. ಮಾಸ್ತರರು ತೀರಿಕೊಂಡು ವರ್ಷವಾಗಿತ್ತು. ಅವರ ಶಿಷ್ಯನಾಗಿದ್ದ ಕಿರಾಣಿ ಅಂಗಡಿಯವನು ಕುರ್ಚಿ ಹಾಕಿ ಚಹಾ ಕೊಟ್ಟ.

"ನಮ್ಮನ್ನೂ ಓಣಿ ಓಣಿಗೆ ಕಳಿಸ್ತಿದ್ರು ರೀ ಬಾಯಾರ. ಬರದ ತಂದ್ರ ಒಂದ ಮಾತ ಹೇಳ್ತಿದ್ರು. ಟಿಕೋಟಾದಾಗ ಒಂದ ಹುಡುಗಿ ಬರದಿತ್ತು, ಅದರಾಗ ಒಂದ ಅಕ್ಷರ ಸುಳ್ಳ ಇರಲಿಲ್ಲ, ಹಂಗ ಬರೀರಿ ಅಂತಿದ್ರು" ಎಂದ. ಖಾಲಿ ಕಪ್ಪು ಎತ್ತಿಕೊಳ್ಳುತ್ತ, "ನಿಮಗ ಆ ಹುಡುಗಿ ಗೊತ್ತೇನ್ರಿ?" ಎಂದು ಕೇಳಿದ.

ಗೊತ್ತಿಲ್ಲ ಎಂದೆ.

ನಿನ್ನೆ ಇದನ್ನೆಲ್ಲ ಮೊಮ್ಮಗಳ ಮುಂದೆ ಮೊದಲ ಸಲ ಹೇಳಿದೆ. ಅವಳು ನನ್ನ ಕೈ ಹಿಡಿದು, "ಹೋಗ್ಲಿ ಬಿಡ ಆಯಿ, ಆಗ ನೀ ಭಾಳ ಸಣ್ಣಾಕಿ ಇದ್ದಿ" ಎಂದಳು. ಹೌದು, ಸಾಹೇಬರ ಮುಂದೆ ನಿಂತಾಗ ಸಣ್ಣವಳಿದ್ದೆ. ಕನಮಡಿಗೆ ಹೋದಾಗ ಸಣ್ಣವಳಿರಲಿಲ್ಲ.