ಕಮಲಾಪುರದ ದಾರಿಯ ನಾಲ್ಕನೆಯ ಕೊಳವೆ

ಹುಸೇನಸಾಬ, ಕಮಲಾಪುರದ ದಾರಿಯ ಆ ಕೊಳವೆ ನಿಮ್ಮ ತಪ್ಪಿನಿಂದ ಒಡೆಯಲಿಲ್ಲ—ನಾನು ಒಡೆಸಿದೆ. ಇದನ್ನು ನುಂಗಿಕೊಂಡೇ ಇಷ್ಟು ವರ್ಷ ಕಲಬುರಗಿಯ ಬಜಾರಿನಲ್ಲಿ ನಿಮ್ಮ ಕುಶಲ ಕೇಳಿದ್ದೇನೆ.

ನಾನು ಹೈದರಾಬಾದಿನಲ್ಲಿ ಓದಿ ಬಂದ ಓವರ್‌ಸಿಯರ್. ನೀವು ಅಕ್ಷರ ಬಾರದ ಮಿಸ್ತ್ರಿ. ರಸ್ತೆಯ ಕೆಳಗೆ ನೀರು ದಾಟಲು ನಾಲ್ಕು ಕಡೆ ಸಿಮೆಂಟ್ ಕೊಳವೆ ಹೂಳಬೇಕಿತ್ತು. ಮೇಲಿನ ಮಣ್ಣಿನ ಭಾರವನ್ನೆಲ್ಲ ಕೊಳವೆಯೊಂದೇ ಹೊರಬೇಕೆಂದು ಲೆಕ್ಕ ಹಾಕಿ, ದಪ್ಪ ಕೊಳವೆಯ ನಕ್ಷೆ ಬರೆದಿದ್ದೆ. ಆಗ ನಾವು ಓದಿದವರೆಲ್ಲ ತಿಳಿದದ್ದು ಅಷ್ಟೇ. ಇಂಜಿನಿಯರ್ ಸಾಹೇಬರು ನಕ್ಷೆ ನೋಡಿ, ನಿಮ್ಮ ಅಭಿಪ್ರಾಯ ಕೇಳಿದರು. ನೀವೆಂದಿರಿ:

"ಕೊಳವಿ ಒಂದೇ ಭಾರ ಹೊರೂದಿಲ್ರೀ ಸಾಹೇಬ್ರ. ಎರಡೂ ಮಗ್ಗಲಾಗ ಹರಳು ಹರಳಾದ ಗರಸು ಮಣ್ಣ ಹಾಕಿ, ನೀರ ಚಿಮುಕಿಸಿ ಗಟ್ಟಿ ಬಡದ್ರ ಆ ಮಣ್ಣೇ ಕೊಳವೀನ ಹಿಡೀತದ. ಹೊಲದ ಕರಿ ಎರಿಮಣ್ಣ ಬ್ಯಾಡ್ರಿ, ನೀರ ಕುಡದು ಉಬ್ಬತದ."

ಸಾಹೇಬರು ತೆಳು ಕೊಳವೆಯೇ ಸಾಕೆಂದು ನನ್ನ ನಕ್ಷೆ ಮಡಚಿಟ್ಟರು. ನಿಮ್ಮನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು—ನಾನು ನಿಂತೇ ಇದ್ದೆ. ಹೊಟ್ಟೆ ಉರಿದುಹೋಯಿತು. ನೀವು ಹೇಳಿದ್ದು ಸರಿಯೆಂದು ಆ ಕ್ಷಣವೇ ಗೊತ್ತಾಗಿತ್ತು, ಅದಕ್ಕೇ ಇನ್ನಷ್ಟು ಉರಿಯಿತು.

ಮೂರು ಕೊಳವೆಗಳನ್ನು ನೀವೇ ನಿಂತು ಹೂಳಿಸಿದಿರಿ. ನಾಲ್ಕನೆಯದರ ಹೊತ್ತಿಗೆ ತಂಗಿಯ ಮದುವೆಗೆಂದು ಕಲಬುರಗಿಯ ಗಾಜಿಪುರಕ್ಕೆ ಹೊರಟಿರಿ. "ಶರಣಪ್ಪಣ್ಣಾರ, ಗರಸೇ ತುಂಬಸ್ರಿ," ಎಂದು ಎರಡೆರಡು ಸಲ ಹೇಳಿದಿರಿ. ನಾನು ಪಕ್ಕದ ಹೊಲದ ಒಣ ಎರೆಮಣ್ಣಿನ ಹೆಂಟೆಗಳನ್ನು ತುಂಬಿಸಿ, ಬಡಿಸದೆ, ಮೇಲೆ ಮಾತ್ರ ಗರಸು ಹರಡಿಸಿದೆ. ಕೆಲಸ ಬೇಗ ಮುಗಿಯಲೆಂದು ಹಾಗೆ ಮಾಡಿದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ—ಸುಳ್ಳು. ಒಡೆಯಲಿ ಎಂದೇ ತುಂಬಿಸಿದೆ.

ಮಳೆಗಾಲದಲ್ಲಿ ಕೊಳವೆ ಸೀಳಿ ರಸ್ತೆ ಕುಸಿಯಿತು. ಸಾಹೇಬರು ಬರುವ ಮೊದಲೇ, ದಾರಿ ತೆರವು ಮಾಡುವ ನೆಪದಲ್ಲಿ ಕಪ್ಪು ಮಣ್ಣನ್ನೆಲ್ಲ ತೆಗೆಸಿಬಿಟ್ಟೆ. "ಮಿಸ್ತ್ರಿ ಹೇಳಿದಂತೆಯೇ ಗರಸು ತುಂಬಿಸಿದ್ದೆ," ಎಂದೆ. ನಿಮ್ಮನ್ನು ಕೆಲಸದಿಂದ ತೆಗೆದರು. ನೀವು ಬೈಯುತ್ತೀರಿ, ಅನುಮಾನ ಪಡುತ್ತೀರಿ ಎಂದು ಕಾದಿದ್ದೆ. ನೀವು ಒಡೆದ ಕೊಳವೆಯ ಮೇಲೆ ಕೈಯಿಟ್ಟು ಕೂತು—"ನಂದೇ ತಪ್ಪ ಆತ್ರಿ ಅಣ್ಣಾರ. ನಿಮ್ಮ ಹೆಸರೂ ಕೆಡಿಸಿದೆ," ಎಂದಿರಿ.

ನಾನು ಆ ಮಾತನ್ನು ಹಾಗೆಯೇ ಒಪ್ಪಿಕೊಂಡೆ.

ಮೊನ್ನೆ ಕಚೇರಿಗೆ ಬಂದ ಹೊಸ ಇಂಜಿನಿಯರಿಂಗ್ ಪುಸ್ತಕದಲ್ಲಿ ನಿಮ್ಮ ಮಾತೇ ಇದೆ—ಪಕ್ಕದ ಮಣ್ಣು ಕೊಳವೆಯನ್ನು ಹಿಡಿಯುತ್ತದೆ ಎಂದು. ಓದಿದಾಗ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಹುಸೇನಸಾಬ. ಅದೇ ಹಳೆಯ ಹೊಟ್ಟೆಕಿಚ್ಚು. ನೀವು ಹೂಳಿಸಿದ ಮೂರೂ ಕೊಳವೆಗಳು ಇಂದಿಗೂ ಗಟ್ಟಿಯಾಗಿವೆ. ನೀವು ಎಂದಾದರೂ ಹೋಗಿ ನೋಡಿ, ನಿಮ್ಮ ಮಾತು ತಪ್ಪಿರಲಿಲ್ಲವೆಂದು ತಿಳಿದುಬಿಟ್ಟೀರೆಂದು ನಾನು ಹೆದರುತ್ತಿದ್ದೆ.

ಈ ಕಾಗದವನ್ನು ಟಪಾಲಿಗೆ ಹಾಕುವುದಿಲ್ಲ. ಓದಲು ಬಾರದ ನಿಮಗೆ ಬೇರೆ ಯಾರೋ ಓದಿ ಹೇಳುವುದು ಬೇಡ. ನಾಳೆ ಮನೆಗೆ ಬಂದು ನಾನೇ ಓದುತ್ತೇನೆ. ಓದುವಾಗ ನಿಮ್ಮ ಮಗನನ್ನೂ ಪಕ್ಕದಲ್ಲಿ ಕೂರಿಸುತ್ತೇನೆ—ಅಪ್ಪನಿಗೆ ಕೆಲಸ ಗೊತ್ತಿರಲಿಲ್ಲ ಎಂದು ಅವನು ನಂಬಿ ಬೆಳೆದದ್ದು ನನ್ನಿಂದ.