ಚಿಕ್ಕಸ್ವಾಮಿಯ ಉದ್ದ ಹಗ್ಗ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಂಜನಗೂಡಿನ ಕಪಿಲಾ ನದಿಯ ದಂಡೆಯ ಬಯಲಿನಲ್ಲಿ ಒಬ್ಬ ಮನುಷ್ಯ ಮಂಕಿ ಕ್ಯಾಪ್ ಹಾಕಿಕೊಂಡು, ಸಾಲದೆಂಬಂತೆ ಅದರ ಮೇಲೊಂದು ಟವೆಲ್ ಸುತ್ತಿಕೊಂಡು ನಿಂತಿದ್ದಾರೆ. ಏಪ್ರಿಲ್ ತಿಂಗಳು, ನಿಂತಲ್ಲೇ ಬೆವರುವ ಸೆಕೆ. ಅವರ ಕೈಯಿಂದ ಹೊರಟ ಹಗ್ಗ ಹುಲ್ಲಿನ ಮೇಲೆ ಎಳೆದುಕೊಂಡು ಹೋಗಿ, ಬಹು ದೂರದಲ್ಲಿ ಮಣ್ಣು ಮೂಸುತ್ತಿರುವ ಕಂದು ನಾಯಿಯೊಂದರ ಎದೆಪಟ್ಟಿಯಲ್ಲಿ ಮುಗಿಯುತ್ತದೆ. ಬಾವಿಯಿಂದ ನೀರು ಸೇದಬಹುದಾದಷ್ಟು ಉದ್ದದ ಹಗ್ಗ.

ನಾಯಿ ಮುಂದಕ್ಕೆ ನುಗ್ಗುತ್ತದೆ. ಇವರು ಎಳೆಯುವುದಿಲ್ಲ, ಗದರುವುದಿಲ್ಲ. ಮನೆಯಲ್ಲಿ ಏನೋ ಮರೆತು ಬಂದವರಂತೆ ಬೆನ್ನು ತಿರುಗಿಸಿ ಬಂದ ದಾರಿಯಲ್ಲೇ ನಡೆಯತೊಡಗುತ್ತಾರೆ. ನಾಯಿ ತಿರುಗಿ ನೋಡುತ್ತದೆ, ಯೋಚಿಸುತ್ತದೆ, ಓಡಿ ಬಂದು ಮಗ್ಗುಲು ಸೇರುತ್ತದೆ. ಜೇಬಿನಿಂದ ಒಂದು ಚೂರು ರಸ್ಕ್. ಮತ್ತೆ ನಡಿಗೆ.

ಹೆಸರು ಚಿಕ್ಕಸ್ವಾಮಿ. ಎಳೆದಾಡದೆ ನಡೆಯುವುದನ್ನು ನಾಯಿಗಳಿಗೆ ಕಲಿಸುವುದು ಅವರ ಕಸುಬು. ಅದನ್ನು ಕಸುಬು ಎಂದು ಕರೆಯುವವರು ಈ ತಾಲ್ಲೂಕಿನಲ್ಲಿ ಯಾರೂ ಇಲ್ಲ, ಅವರೂ ಸೇರಿ.

ಹೆಮ್ಮರಗಾಲದ ಜಮೀನುಳ್ಳ ಮನೆತನ ಅವರದು. ತೊಂಬತ್ತರ ದಶಕದಲ್ಲಿ ನಂಜನಗೂಡಿನ ಪಕ್ಕದ ತಾಂಡ್ಯಕ್ಕೆ ಕಾರ್ಖಾನೆಗಳು ಬಂದವು, ಕಾರ್ಖಾನೆಗಳ ಜೊತೆ ಆಫೀಸರುಗಳು ಬಂದರು, ಆಫೀಸರುಗಳ ಜೊತೆ ಅವರ ನಾಯಿಗಳು. ಒಂದು ಕ್ವಾರ್ಟರ್ಸಿನಲ್ಲಿ ತೋಟದ ಕೆಲಸಕ್ಕಿದ್ದ ಚಿಕ್ಕಸ್ವಾಮಿಯವರನ್ನು ಮ್ಯಾನೇಜರರ ನಾಯಿ ಗುಲಾಬಿ ಪಾತಿಯ ಉದ್ದಕ್ಕೂ ಎಳೆದಾಡಿತು. ಮರುದಿನ ಅವರು ಊರಿನಿಂದ ಕರು ಮೇಯಿಸುವ ಹಗ್ಗ ತಂದರು. ಯಾಕೆಂದು ಪೇಪರಿನವರು ಕೇಳಿದರೆ ಅವರ ಉತ್ತರ ಹೀಗೆ:

“ಕರೂಗೆ ಅಗ್ಗ ಬಿಗಿ ಇಡುದ್ರೆ ಜಗ್ತದೆ ಸಾ. ಉದ್ದ ಬಿಟ್ರೆ ಮೇಯ್ಕಂಡು ಅದೇ ಸುಮ್ಕೆ ಬತ್ತದೆ. ನಾಯೀಗೂ ಅಂಗೇಯ. ಜಗ್ಗಾಡಕ್ಕೆ ಇಬ್ರು ಬೇಕು. ನಾನು ಜಗ್ದೇ ಇದ್ರೆ ಅದೊಂದೇ ಏನ್ ಜಗ್ಗಾಡ್ತದೆ?”

ದಿನ ಕಳೆದಂತೆ ಹಗ್ಗವನ್ನು ಕೈಯಲ್ಲಿ ಮಡಿಚಿಕೊಳ್ಳುತ್ತಾ ಗಿಡ್ಡ ಮಾಡುತ್ತಾರೆ. ಕೊನೆಗೆ ಉಳಿಯುವುದು ಮಾರುದ್ದ. ನಾಯಿ ಮಾತ್ರ ಇನ್ನೂ ಉದ್ದ ಹಗ್ಗದಲ್ಲೇ ಇದ್ದೇನೆಂಬ ನೆಮ್ಮದಿಯಲ್ಲಿ ನಡೆಯುತ್ತದೆ.

ಅಂಗೈಗೆ ಚಿಂದಿ ಸುತ್ತಿಕೊಂಡಿದ್ದಾರೆ, ಹಗ್ಗ ಸರಿದರೆ ಚರ್ಮ ಸುಲಿಯುತ್ತದೆ. ಮಂಕಿ ಕ್ಯಾಪಿನ ಕಾರಣ ಬೇರೆ. ಮೊದಲ ವರ್ಷ ನಂಜನಗೂಡಿನ ಬೀದಿಗಳಲ್ಲಿ ನಾಯಿ ಹಿಡಿದು ಹೊರಟರೆ ಹೆಂಗಸರು ತಮ್ಮ ಬೀದಿನಾಯಿಯನ್ನು ಒಳಕ್ಕೆ ಕರೆದು ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ, ಪುರಸಭೆಯ ನಾಯಿ ಹಿಡಿಯುವವನೆಂದು.

“ನಮ್ಮಪ್ಪ ಎತ್ ಇಡ್ಕಂಡು ನಡುದ್ರೆ ಜನ ಬದಿಗ್ ನಿಂತ್ಕಳೋರು. ನಾನ್ ನಾಯಿ ಇಡ್ಕಂಡ್ ನಡುದ್ರೂ ಬದಿಗೇ ನಿಂತ್ಕತಾರೆ. ಆದ್ರೆ ಅದು ಬ್ಯಾರೆ ಸಾ.”

ಹೆಮ್ಮರಗಾಲದಲ್ಲಿ ‘ಫ್ಯಾಕ್ಟ್ರಿ ಡ್ಯೂಟಿ’ ಎಂದು ಹೇಳಿದ್ದಾರೆ. ಹೆಂಡತಿ ವೆಂಕಟಮ್ಮನಿಗೆ ಗೊತ್ತೇ ಎಂದರೆ ನೆಲ ನೋಡುತ್ತಾರೆ. “ಬಟ್ಟೆ ಒಗೆಯೋಳ್ಗೆ ಕೂದ್ಲು ಕಾಣ್ದೆ ಇದ್ದದಾ?”

ಹೀಗೆ ನಾಚಿಕೆ ಅವರಿಗೊಂದು ವೇಳಾಪಟ್ಟಿ ಹಾಕಿಕೊಟ್ಟಿದೆ. ಹಳ್ಳಿಯ ಬಸ್ಸುಗಳು ಬರುವ ಮೊದಲು, ನದಿಯ ಬಯಲಿನಲ್ಲಿ, ಅಷ್ಟೇ. ಬಜಾರಿನ ಕಡೆಗೆ ಒಂದು ಹೆಜ್ಜೆಯಿಲ್ಲ. ಪರಿಣಾಮವಾಗಿ ಅವರು ಪಳಗಿಸಿದ ನಾಯಿಗಳಿಗೆಲ್ಲ ಒಂದೇ ದೋಷ. ಅವರ ಹಳೆಯ ಗಿರಾಕಿ, ಬ್ಯಾಂಕಿನ ಚಂದ್ರಶೇಖರ್ ಅದನ್ನು ಹೀಗೆ ವಿವರಿಸುತ್ತಾರೆ: “ಬಯಲಲ್ಲಿ ನಮ್ ನಾಯಿ ಸ್ವಾಮೀಜಿ ಥರ ನಡೀತದೆ ಕಣ್ರೀ. ರಸ್ತೆಗೆ ಬಂತು ಅಂದ್ರೆ ಎಲೆಕ್ಷನ್‌ಗೆ ನಿಂತಂಗೆ ಆಡ್ತದೆ. ನಾನೇನು ಹೊಳೆ ದಡದಲ್ಲಿ ಮನೆ ಕಟ್ಲಾ?”

ರಸ್ತೆ ಕಲಿಯಬೇಕಾದರೆ ರಸ್ತೆಯಲ್ಲೇ ನಡೆಯಬೇಕು. ಇದು ಚಿಕ್ಕಸ್ವಾಮಿಯವರಿಗೆ ಗೊತ್ತಿಲ್ಲದ್ದಲ್ಲ.

ಇವತ್ತಿನ ಕಂದು ನಾಯಿಯ ಹೆಸರು ಮೇಜರ್. ಅದರ ಒಡತಿ ಮಂಗಳಮ್ಮ, ನಿವೃತ್ತ ಶಿಕ್ಷಕಿ, ಹೆಡತಲೆ ಊರಾಚೆಯ ಕೇರಿಯಿಂದ ಬಂದವರು. ಮನೆಯ ನಡುಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಮೇಜರ್ ಮಲಗುವ ಗೋಣಿಚೀಲ. ಕಳೆದ ತಿಂಗಳು ಹಂದಿಯೊಂದನ್ನು ಕಂಡು ಮೇಜರ್ ನುಗ್ಗಿದ ರಭಸಕ್ಕೆ ಮಂಗಳಮ್ಮ ಬಿದ್ದು ಬಲಗೈ ಮುರಿದುಕೊಂಡರು. ಮಗ ನಟರಾಜ್ ಗಡುವು ಕೊಟ್ಟಿದ್ದಾರೆ. ತಿಂಗಳ ಕೊನೆಯೊಳಗೆ ರಸ್ತೆಯಲ್ಲಿ ನೆಟ್ಟಗೆ ನಡೆಯದಿದ್ದರೆ ಟಿ. ನರಸೀಪುರದ ಸ್ನೇಹಿತರ ತೋಟಕ್ಕೆ. ಅಲ್ಲಿ ಮೇಜರ್‌ಗಾಗಿ ಒಂದು ತೆಂಗಿನ ಮರ ಮತ್ತು ಒಂದು ಸರಪಳಿ ಸಿದ್ಧವಾಗಿವೆ.

“ಬಯಲಲ್ಲಿ ಪಾಸಾಗಿದೆ, ಸಂತೋಷ,” ಎನ್ನುತ್ತಾರೆ ಬಯಲಿಗೇ ಬಂದಿರುವ ಮಂಗಳಮ್ಮ, ನಲವತ್ತು ಮಕ್ಕಳ ತರಗತಿಗೆ ಕೇಳಿಸುವಂಥ ದನಿಯಲ್ಲಿ. “ಇವತ್ತು ಬಸ್ ಸ್ಟ್ಯಾಂಡ್ ತನಕ ಹೋಗೋಣ ಚಿಕ್ಕಸ್ವಾಮಿ. ನಾನೂ ಬರ್ತೀನಿ.”

“ಬಿಸಿಲಾಯ್ತದಲ್ಲ ಮೇಡಂ.”

“ಟೋಪಿ ಹಾಕಿದೀರಲ್ಲ.”

ಹೊರಡುತ್ತಾರೆ. ಮೀನಿನ ಬುಟ್ಟಿ, ಲೂನಾ, ಮೂರು ಬೀದಿನಾಯಿ. ಪ್ರತಿ ಸಲವೂ ಮೇಜರ್ ಬಿಗಿಯುತ್ತದೆ, ಚಿಕ್ಕಸ್ವಾಮಿ ತಿರುಗಿ ನಡೆಯುತ್ತಾರೆ, ಮೇಜರ್ ಬಂದು ಸೇರುತ್ತದೆ. ಹಿಂದೆ ಹೋದದ್ದೇ ಹೆಚ್ಚಾಗಿ ಬಸ್ ಸ್ಟ್ಯಾಂಡ್ ತಲುಪಲು ಬಹಳ ಹೊತ್ತು ಹಿಡಿಯುತ್ತದೆ. ಆ ಹೊತ್ತಿಗೆ ಹೆಮ್ಮರಗಾಲದ ಬಸ್ಸೂ ಬಂದು ನಿಂತಿರುತ್ತದೆ.

ಹಾಲಿನ ಕ್ಯಾನು ಇಳಿಸುತ್ತಿರುವವರು ಶಿವಸ್ವಾಮಿ, ವೆಂಕಟಮ್ಮನ ತಮ್ಮ. ಮಂಕಿ ಕ್ಯಾಪ್ ಮುಖವನ್ನು ಮುಚ್ಚಬಲ್ಲದು, ನಡಿಗೆಯನ್ನಲ್ಲ.

“ಏನ್ ಭಾವಾ! ಫ್ಯಾಕ್ಟ್ರಿ ಡ್ಯೂಟಿ ಅಂದಿದ್ದೆ? ಈ ಮಿಷನ್‌ಗೆ ಬಾಲ ಅದಲ್ಲಪ್ಪಾ!”

ಟೀ ಅಂಗಡಿ ನಗುತ್ತದೆ. ಚಿಕ್ಕಸ್ವಾಮಿಯವರ ಕೈ ತಾನಾಗಿ ಹಗ್ಗವನ್ನು ಬಿಗಿಯುತ್ತದೆ. ಮೇಜರ್ ತಕ್ಷಣ ಜಗ್ಗುತ್ತದೆ. ಎರಡು ಹೆಜ್ಜೆ ಮುಗ್ಗರಿಸಿ, ಅವರು ತಮ್ಮ ಬೆರಳುಗಳನ್ನೇ ನೋಡಿಕೊಂಡು ಒಂದೊಂದಾಗಿ ಸಡಿಲಿಸುತ್ತಾರೆ. ನಾಯಿ ನಿಲ್ಲುತ್ತದೆ.

“ಯಾರ್ ಮನೆ ನಾಯಿ ಭಾವಾ?” ಶಿವಸ್ವಾಮಿಯವರ ದನಿ ಈಗ ಸ್ವಲ್ಪ ಇಳಿದಿದೆ.

ನಮ್ಮ ಕಡೆ ಮನೆ ಕೇಳುವುದೆಂದರೆ ಕೇರಿ ಕೇಳುವುದು, ಕೇರಿ ಕೇಳುವುದೆಂದರೆ ಜಾತಿ ಕೇಳುವುದು. ಟೀ ಗ್ಲಾಸು ಹಿಡಿದವರೆಲ್ಲ ಉತ್ತರಕ್ಕಾಗಿ ಕಾಯುತ್ತಾರೆ. ಮಂಗಳಮ್ಮ ನಾಲ್ಕು ಹೆಜ್ಜೆ ಆಚೆ, ಬಾಳೆಹಣ್ಣಿನ ಗಾಡಿಯ ಪಕ್ಕ ನಿಂತಿದ್ದಾರೆ.

“ಯಾರೋ ಆಫೀಸರ್ದು,” ಎನ್ನುತ್ತಾರೆ ಚಿಕ್ಕಸ್ವಾಮಿ.

ಮಂಗಳಮ್ಮ ಗಾಡಿಯ ಪಕ್ಕದಿಂದ ಹೊರಡುತ್ತಾರೆ. ಬಂದು, ಮುರಿಯದ ಎಡಗೈ ಚಾಚಿ, ಅವರ ಕೈಯಿಂದ ಹಗ್ಗ ತೆಗೆದುಕೊಳ್ಳುತ್ತಾರೆ. “ಬಾ ಮೇಜರ್, ಮನೆಗೆ ಹೋಗೋಣ.” ಹಗ್ಗ ನೆಲಕ್ಕೆ ಬಾಗಿದೆ. ಬೀದಿನಾಯಿಗಳು ಬೊಗಳುತ್ತವೆ, ಲೂನಾ ಹಾರ್ನ್ ಹೊಡೆಯುತ್ತದೆ, ಆ ಹಗ್ಗ ಬಾಗಿದ್ದು ಬಾಗಿದಂತೆಯೇ ಬಜಾರು ದಾಟಿ ತಿರುವಿನಲ್ಲಿ ಮರೆಯಾಗುತ್ತದೆ. ಇಷ್ಟು ವರ್ಷಗಳಲ್ಲಿ ರಸ್ತೆ ಕಲಿತ ಅವರ ಮೊದಲ ನಾಯಿ.

“ಟೀಚರಮ್ಮಂದಾ?” ಎಂದು ಶಿವಸ್ವಾಮಿ ಕ್ಯಾನು ಎತ್ತಿಕೊಂಡು ಹೋಗುತ್ತಾರೆ. ಊರಿಗೆ ಹೋಗಿ ಹೇಳುವುದಿದೆ.

ಸಂಜೆ ನಟರಾಜ್ ತಾವಾಗಿಯೇ ತೋಟದವರಿಗೆ ಫೋನ್ ಮಾಡಿ ಬೇಡವೆನ್ನುತ್ತಾರೆ. ಸುದ್ದಿ ತಿಳಿದಾಗ ಚಿಕ್ಕಸ್ವಾಮಿ ಹೊಳೆಯ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದಾರೆ. ಸಂತೋಷವಾಯಿತೇ ಎಂದು ಕೇಳಿದರೆ ಅಂಗೈಯ ಚಿಂದಿ ಬಿಚ್ಚತೊಡಗುತ್ತಾರೆ.

“ನಾಯಿ ಇಡ್ಕಳದು ನಾಚ್ಕೆ ಅಂತಿದ್ದೆ ಸಾ. ಅದೇನ್ ನಾಚ್ಕೆ ಬುಡಿ. ಆವಮ್ಮ ಅಲ್ಲೇ ನಿಂತವ್ರೆ, ನಾನು ಆಫೀಸರ್ದು ಅಂತೀನಿ. ನಾಯಿ ನನ್ ಮಕ ನೋಡ್ತು. ಅವ್ರು ನೋಡ್ಲಿಲ್ಲ.”

ಆಮೇಲೆ ಒಂದು ಕೋರಿಕೆ. “ನೀವ್ ಪೇಪರ್‌ನಾಗ್ ಬರೀತೀರಲ್ಲ, ನನ್ ವಿಚಾರ ಎಂಗಾರಾ ಬರ್ಕಳಿ. ಮೇಜರ್ರು ಮಂಗಳಮ್ಮ ಮೇಡಂ ಮನೆ ನಾಯಿ ಅಂತ ಮಾತ್ರ ಮರೀದೆ ಬರೀರಿ. ನಮ್ ಬಾಮೈದ ಭಾನುವಾರ ಕಟಿಂಗ್ ಶಾಪಲ್ಲಿ ಓದ್ತನೆ.”

ಬರೆದಿದೆ. ಮಂಗಳಮ್ಮನವರೂ ಅದನ್ನು ಭಾನುವಾರದ ಪೇಪರಿನಲ್ಲೇ ಓದಿಕೊಂಡರೆ ಸಾಕೇ ಎಂದು ಕೇಳಿದಾಗ ಅವರು ಮೆಟ್ಟಿಲಿನಿಂದ ಏಳುತ್ತಾರೆ.

“ಅದು ಪೇಪರ್ ಕೆಲ್ಸ ಅಲ್ಲ ಸಾ. ಅವ್ರ ಮುಂದೆ ನಾನೇ ಓಗಿ ನಿಂತ್ಕಬೇಕು. ಎದ್ರಿಕೆ ಆಯ್ತದೆ. ಓಯ್ತೀನಿ.”